ಪುಟ್ಟಮಾದಮ್ಮನ ಮೂವರು ಫಾರಿನ್ ಮಕ್ಕಳು

ಕಾಮಗೆರೆ ಫುಟ್‌ಬಾಲ್ ಸಂಘಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಕೋಚು, ಗೆರೆಗೆ ಸುಣ್ಣದ ಪುಡಿ ಹಾಕುವವನು, ಚೆಂಡಿಗೆ ಗಾಳಿ ಹೊಡೆಸಿಕೊಂಡು ಬರುವವನು ಎಲ್ಲಾ ಒಬ್ಬನೇ. ಹೆಸರು ದೇವರಾಜು. ಬೆಳಿಗ್ಗೆ ಸಂಜೆ ಡೈರಿಯಲ್ಲಿ ಹಾಲು ಅಳೆಸಿಕೊಳ್ಳುವುದು ಹೊಟ್ಟೆಪಾಡು, ಮಿಕ್ಕ ಹೊತ್ತೆಲ್ಲ ಫುಟ್‌ಬಾಲು. ವಯಸ್ಸು ಐವತ್ತು ದಾಟಿದೆ, ಹೊಟ್ಟೆ ಬೆಲ್ಟು ದಾಟಿದೆ, ಆದರೂ ನಿದ್ದೆಯಲ್ಲಿ ಕಾಲು ಝಾಡಿಸಿ "ಪಾಸ್ ಕೊಡ್ಲಾ!" ಎಂದು ಕೂಗುತ್ತಾನೆ. ಆ ಒದೆತ ತಿಂದು ತಿಂದು ಸಾಕಾದ ಹೆಂಡತಿ ರತ್ನ, "ನನ್ ಕೊಳ್ಗೆ ಕಟ್ಟೋ ಬದ್ಲು ಆ ಚೆಂಡ್ಗೇ ತಾಳಿ ಕಟ್ಟಿದ್ರೆ ಆಯ್ತಿತ್ತು ನೀವು" ಎಂದು ದಿನಕ್ಕೊಮ್ಮೆಯಾದರೂ ಅನ್ನದೆ ಇರುವುದಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕಿನ ಊರುಗಳು ಸೇರಿ ನಡೆಸುವ ಲೀಗು ಅದು. ಕೊನೆಯ ಸ್ಥಾನಕ್ಕೆ ಬಂದ ತಂಡ ಮುಂದಿನ ವರ್ಷ ಕೆಳಗಿನ ದರ್ಜೆಯಲ್ಲಿ ಆಡಬೇಕು ಎಂಬುದು ನಿಯಮ. ತಮಾಷೆ ಏನೆಂದರೆ ಕೆಳಗಿನ ದರ್ಜೆ ಎನ್ನುವುದೇ ಇಲ್ಲ. ಅಂದರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೋಗಬೇಕು, ಅಷ್ಟೇ. ಕಾಮಗೆರೆಯವರು ಈ ವರ್ಷ ಅದೇ ಬಾಗಿಲಲ್ಲಿ ನಿಂತಿದ್ದರು.

ಇದು ಸಾಲದು ಅಂತ ರತ್ನಳ ಅಣ್ಣ ರಂಗಸ್ವಾಮಿ ಬೇರೆ. ಯಳಂದೂರಿನಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ಲೀಗಿನ ಮೊದಲ ಸ್ಥಾನದಲ್ಲಿರುವ ತಂಡ ಸಾಕುತ್ತಿರುವ ಆಸಾಮಿ. ಒಂದು ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಅಂದುಬಿಟ್ಟ: "ಸಂಘ ಮುಚ್ಚೋಗ್ಲಿ ಬುಡು ದೇವ್ರಾಜು. ನಮ್ ಟೀಮ್ನೋರ್ಗೆ ನೀರ್ ಕೊಡಕೆ ಒಬ್ಬ ಬೇಕಾಗವ್ನೆ, ಬಂದು ಸೇರ್ಕೋ." ಪಂಕ್ತಿಗೆ ಪಂಕ್ತಿಯೇ ನಕ್ಕಿತು. ದೇವರಾಜುವಿನ ಗಂಟಲಲ್ಲಿ ಹೋಳಿಗೆ ನಿಂತುಹೋಯಿತು. ತಾನು ಕಣ್ಣಿನಂತೆ ಕಾಪಾಡಿಕೊಂಡು ಬಂದ ಸಂಘ ಮುಚ್ಚಿಹೋದರೆ ತನಗೆ ಬದುಕಲ್ಲಿ ಮಿಕ್ಕುವುದು ಹಾಲಿನ ಕ್ಯಾನು ಮಾತ್ರ ಎಂದು ಅವನಿಗೆ ನಿಜವಾಗಿಯೂ ಭಯವಾಯಿತು.

ಆವತ್ತೇ ಅವನು ಫಾರಿನ್ ಆಟಗಾರರನ್ನು ತರುವ ತೀರ್ಮಾನ ಮಾಡಿದ್ದು.

ಮೊದಲನೆಯವನು ಟೆನ್‌ಜಿನ್. ಒಡೆಯರಪಾಳ್ಯದ ಟಿಬೆಟಿಯನ್ನರ ಕ್ಯಾಂಪಿನವನು. ಹುಟ್ಟಿದ್ದು ಅಲ್ಲೇ, ಬೆಳೆದಿದ್ದು ಅಲ್ಲೇ, ಮುಸುಕಿನ ಜೋಳ ಬೆಳೆಯುವುದು, ಕಾಡುಹಂದಿಯನ್ನು ಬೈಯುವುದು ಎಲ್ಲಾ ಅಪ್ಪಟ ಹನೂರು ಕನ್ನಡದಲ್ಲಿ. ಆದರೂ ಲೀಗಿನ ಲೆಕ್ಕದಲ್ಲಿ ಅವನು ಪರದೇಶದವನು. ಎರಡನೆಯವನು ನೇಪಾಳದ ಬಿಷ್ಣು. ಕೊಳ್ಳೇಗಾಲದಲ್ಲಿ ಗಾಡಿ ಇಟ್ಟುಕೊಂಡು ಗೋಬಿ ಮಂಚೂರಿ ಮಾಡುತ್ತಾನೆ. ತಲೆಗೂದಲಿಗೆ ಚಿನ್ನದ ಬಣ್ಣ ಹಾಕಿಸಿಕೊಂಡು ಗಂಟೆಗೊಮ್ಮೆ ಬೈಕಿನ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾನೆ. ಗೋಲ್‌ಕೀಪರ್ ಆಗಿ ಒಳ್ಳೆಯವನೇ, ಆದರೆ ಗಾಬರಿಯಾದರೆ ನಿಂತ ಜಾಗದಲ್ಲೇ ಹಿಮ್ಮಡಿಯಿಂದ ನೆಲ ಕೆದಕುತ್ತಾನೆ. ಕಾಮಗೆರೆ ತಂಡದ ಗೋಲ್‌ಕೀಪರನಿಗೆ ಗಾಬರಿಗೇನು ಬರ? ಗೋಲಿನ ಗೆರೆಯ ನಟ್ಟನಡುವೆ ಒಂದು ಗುಂಡಿಯೇ ಬಿದ್ದಿತ್ತು. "ಗುಂಡಿ ಮುಚ್ಲಾ, ಯಾರಾರ ಕಾಲ್ ಮುರ್ಕೊಂಡಾರು" ಎಂದು ದೇವರಾಜು ಬಾಯಿ ಬಡಿದುಕೊಳ್ಳುವುದು, ಬಿಷ್ಣು "ಆಯ್ತು ಸಾ" ಎಂದು ಇನ್ನಷ್ಟು ಕೆದಕುವುದು ನಡೆದೇ ಇತ್ತು.

ಮೂರನೆಯವನೇ ಕ್ವಾಮೆ. ಆಫ್ರಿಕಾದ ಘಾನಾ ದೇಶದವನು, ಮೈಸೂರಿನಲ್ಲಿ ಫಾರ್ಮಸಿ ಓದುತ್ತಿದ್ದವನು. ಅವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಎದುರಿನವರು ದಾರಿ ಬಿಡುವುದೊಂದೇ ಬಾಕಿ.

ಮೂವರನ್ನೂ ಒಟ್ಟಿಗೆ ಇಳಿಸಿದ ಮೊದಲ ದಿನವೇ ರೆಫರಿ ಪುಟ್ಟಸಿದ್ದಯ್ಯ ಸೀಟಿ ಊದಿದರು. ಲೀಗಿನ ಅಧ್ಯಕ್ಷರೂ ಅವರೇ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು, ಆದರೆ ಬಾಯಿಯಿಂದ ಕಂಡಕ್ಟರಿಕೆ ಇನ್ನೂ ಇಳಿದಿಲ್ಲ. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಆಫ್‌ಸೈಡ್ ನಿಂತವನಿಗೆ "ಫುಟ್‌ಬೋರ್ಡ್ ಬುಟ್ಟು ಒಳಕ್ ಬಾಪ್ಪಾ" ಅನ್ನುತ್ತಾರೆ. ಅವತ್ತು ಸೀಟಿ ಊದಿ, "ಹೋಲ್ಡಾನ್! ಪರದೇಸದವ್ರು ಒಬ್ರೇ ಆಡ್ಬೇಕು ಅಂತ ರೂಲ್ಸ್ ಅದೆ. ಮಿಕ್ಕ ಇಬ್ರೂ ಇಳೀರಿ" ಅಂದರು.

ದೇವರಾಜು ಆ ರಾತ್ರಿ ಹೊರಳಾಡಿ ಹೊರಳಾಡಿ ಒಂದು ಹಳೆಯ ತೀರ್ಪು ನೆನಪು ಮಾಡಿಕೊಂಡ. ಹಿಂದೊಮ್ಮೆ ಮನೆ ಅಳಿಯನೊಬ್ಬ ಹೆಂಡತಿ ಊರಿನ ಪರವಾಗಿ ಆಡಿದಾಗ ದೊಡ್ಡ ಜಗಳವಾಗಿ, ಇದೇ ಪುಟ್ಟಸಿದ್ದಯ್ಯನವರು ನ್ಯಾಯ ಹೇಳಿದ್ದರು: ಊರಿನ ಯಾವುದಾದರೂ ಮನೆಯವರು ಮನೆದೇವರ ಮುಂದೆ ನಿಲ್ಲಿಸಿ ಇವನು ನಮ್ಮವನು ಎಂದು ಒಪ್ಪಿಕೊಂಡರೆ ಅವನು ಊರಿನವನೇ. ಬೆಳಗಾಗುವುದನ್ನೇ ಕಾದು ಅವನು ಸೋದರತ್ತೆ ಪುಟ್ಟಮಾದಮ್ಮನ ಮನೆಗೆ ಓಡಿದ.

ಪುಟ್ಟಮಾದಮ್ಮನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ. ಬಾಯಿ ಮಾತ್ರ ಒಂದು ಸಂಸಾರಕ್ಕಾಗುವಷ್ಟಿತ್ತು.

"ಅತ್ತೆ, ಸುಮ್ನೆ ಹೆಸ್ರಿಗೆ ಮಕ್ಳು ಅಂತ ಒಪ್ಕೊಬುಡು. ಆಟ ಮುಗಿಯೋ ಗಂಟ" ಎಂದ ದೇವರಾಜು.

"ಹೆಸ್ರಿಗೆ ಮಕ್ಳು ಅಂತ ಎಲ್ಲಾರ ಇದ್ದದ್ಲಾ? ಮಕ್ಳು ಅಂದ್ರೆ ಮಕ್ಳೇ. ಕರ್ಕಂಡ್ ಬಾ, ಮುದ್ದೆ ಉಣ್ತವಾ ನೋಡ್ತೀನಿ" ಎಂದಳು ಅತ್ತೆ.

ಸೋಮವಾರ ಮೂವರನ್ನೂ ಮನೆದೇವರು ಮಾದಪ್ಪನ ಪಟದ ಮುಂದೆ ಕೂರಿಸಿ, ಹಣೆಗೆ ವಿಭೂತಿ ಬಳಿದು, ತಟ್ಟೆ ಇಟ್ಟಳು. ಟೆನ್‌ಜಿನ್‌ಗೆ ಮುದ್ದೆ ಹೊಸದಲ್ಲ. ಬಿಷ್ಣು ಅಗಿದು ಬೈಸಿಕೊಂಡ. ಕ್ವಾಮೆ ಮಾತ್ರ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಕಿಸದೆ ಗುಳುಂ ಗುಳುಂ ಎಂದು ನುಂಗಿ ಇನ್ನೊಂದಕ್ಕೆ ಕೈ ಚಾಚಿದ. ಅವರ ಊರಲ್ಲೂ ಮುಸುಕಿನ ಜೋಳದ ಹಿಟ್ಟಿನಲ್ಲಿ ಹಿಂಗೇ ಮುದ್ದೆ ಕಟ್ಟಿ ಬೆಂಡೆಕಾಯಿ ಸಾರಲ್ಲಿ ನುಂಗುತ್ತಾರಂತೆ. ಮುದುಕಿಯ ಕಣ್ಣಲ್ಲಿ ಫಳಕ್ಕನೆ ನೀರು ಬಂತು. "ಅಯ್ಯೋ ನನ್ನಪ್ಪಾ, ಎಲ್ ಹುಟ್ಬುಟ್ಟಿದ್ಯಲ್ಲಾ" ಎಂದು ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. ಯಾರು ಹಿರಿಯ, ಯಾರು ಕಿರಿಯ ಎಂಬುದನ್ನು ಅವಳು ವಯಸ್ಸು ಕೇಳಿ ತೀರ್ಮಾನಿಸಲಿಲ್ಲ, ಉಂಡ ಮುದ್ದೆ ನೋಡಿ ತೀರ್ಮಾನಿಸಿದಳು. ಕ್ವಾಮೆ ದೊಡ್ಡಮಾದ, ಟೆನ್‌ಜಿನ್ ನಡುಮಾದ, ಬಿಷ್ಣು ಚಿಕ್ಕಮಾದ. ಬಿಷ್ಣುವಿಗೆ ಮೂವತ್ತೆರಡಾಗಿತ್ತು ಎಂಬುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪುಟ್ಟಸಿದ್ದಯ್ಯನವರು ತಾವೇ ಬಂದು ವಿಚಾರಿಸಿ, ಒಂದು ಮುದ್ದೆ ತಾವೂ ಉಂಡು, "ಆಯ್ತು, ಇವ್ರು ಲೋಕಲ್ಲು. ರೈಟ್!" ಎಂದು ಎರಡು ಸೀಟಿ ಊದಿ ಹೋದರು.

ಆಮೇಲೆ ಆಗಿದ್ದು ದೇವರಾಜು ಎಣಿಸಿದ್ದಲ್ಲ. ಅವನು ಆಟಕ್ಕೆ ಕರೆದರೆ ದೊಡ್ಡಮಾದ ಎಮ್ಮೆಗೆ ಹುಲ್ಲು ತರಲು ಹೋಗಿರುತ್ತಿದ್ದ. ನಡುಮಾದ ಅತ್ತೆಯ ಹೆಂಚು ಸರಿ ಮಾಡಲು ಮನೆ ಮೇಲೆ ಹತ್ತಿರುತ್ತಿದ್ದ. ಚಿಕ್ಕಮಾದ ಅವಳಿಗೆ ಖಾರ ಕಡಿಮೆ ಹಾಕಿ ಗೋಬಿ ಮಾಡಿಕೊಡುತ್ತಿದ್ದ, ಅವಳು ಅದನ್ನೂ ಮುದ್ದೆಗೆ ನಂಚಿಕೊಳ್ಳುತ್ತಿದ್ದಳು. ಮೂವರೂ ದೇವರಾಜುವನ್ನು ವರಸೆ ಹಿಡಿದು "ಭಾವ" ಎನ್ನತೊಡಗಿದರು. ಕ್ವಾಮೆ ಕನ್ನಡವನ್ನು ಕಲಿತದ್ದೇ ಪುಟ್ಟಮಾದಮ್ಮನ ಬಾಯಿಂದ. ಹಾಗಾಗಿ ಆರಡಿ ಮೇಲಿದ್ದ ಆ ಆಳು ಮಾತಾಡಿದರೆ ಥೇಟು ಮುದುಕಿ. ಎದುರಾಳಿಯನ್ನು ಏಮಾರಿಸಿ ಚೆಂಡು ಕೊಂಡೊಯ್ಯುವಾಗ, "ಅಯ್ಯೋ ನನ್ ಕಂದಾ, ಬಿದ್ಬುಟ್ಟೀಯೆ ಕಣೋ" ಅನ್ನುತ್ತಿದ್ದ. ಅದನ್ನು ಕೇಳಿದವನು ನಗಾಡಿ ನಿಜವಾಗಿಯೂ ಬೀಳುತ್ತಿದ್ದ.

ಹೀಗೆ ಅಲ್ಲೊಂದು ಇಲ್ಲೊಂದು ಪಾಯಿಂಟು ಸಿಕ್ಕಿ, ಕೊನೆಯ ಪಂದ್ಯದ ಹೊತ್ತಿಗೆ ಲೆಕ್ಕ ಬಹಳ ಸುಲಭವಾಯಿತು. ಸೋಲದಿದ್ದರೆ ಸಾಕು, ಸಂಘ ಉಳಿಯುತ್ತದೆ. ಸೋತರೆ ಮುಚ್ಚುತ್ತದೆ. ಪಂದ್ಯ ಭಾನುವಾರ, ಕಾಮಗೆರೆಯಲ್ಲೇ. ಎದುರಾಳಿ ಬೇರೆ ಯಾರೂ ಅಲ್ಲ, ಭಾವ ರಂಗಸ್ವಾಮಿಯ ಯಳಂದೂರು.

ಶನಿವಾರ ಸಂಜೆ ಟೆನ್‌ಜಿನ್ ಫೋನು ಮಾಡಿದ. "ಭಾವ, ಸಾಗ್ಯದ ದೊಡ್ಡಪ್ಪ ಓಗ್ಬುಟ್ರು. ಅವ್ವನ್ ಕರ್ಕಂಡು ಓಯ್ತಾ ಇದ್ದೀವಿ."

ಹನೂರು ಕಡೆಯ ಶಾಗ್ಯ ಎಂಬ ಊರಿನ ಈ ದೊಡ್ಡಪ್ಪ ಎಂದರೆ ಪುಟ್ಟಮಾದಮ್ಮನ ಗಂಡನ ಅಣ್ಣ. ನೂರರ ಹತ್ತಿರ ಬದುಕಿದ್ದ, ಗಂಡುಮಕ್ಕಳಿಲ್ಲದ ಮುದುಕ. ದೇವರಾಜುವಿಗೆ ಎದೆ ಧಸಕ್ಕೆಂದಿತು, ಮುದುಕನಿಗಾಗಿ ಅಲ್ಲ. "ಮಣ್ಣು ಮಾಡಿ ಮಧ್ಯಾಹ್ನಕ್ ಬಂದ್ಬುಡ್ರಪ್ಪ. ಯಾರ್ಗೂ ಯೋಳಕ್ ಓಗ್ಬೇಡಿ" ಎಂದ. ತಾನು ಹೋಗುವ ಯೋಚನೆಯನ್ನೂ ಮಾಡಲಿಲ್ಲ, ಗೆರೆಗೆ ಸುಣ್ಣ ಹಾಕುವುದಿತ್ತು.

ಭಾನುವಾರ ಮಧ್ಯಾಹ್ನ ಮೈದಾನದ ತುಂಬ ಜನ. ರತ್ನ ಕೂಡ ಬಂದಿದ್ದಳು, ತವರಿನ ಮೇಲಿನ ಪ್ರೀತಿಗೋ ಗಂಡನ ಮೇಲಿನ ಪ್ರೀತಿಗೋ ಗೊತ್ತಿಲ್ಲ. ಗೋಲ್‌ಪೋಸ್ಟಿನ ಹಿಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಷ್ಟರಲ್ಲಿ ರಂಗಸ್ವಾಮಿ ಬಿಳಿ ಪಂಚೆ, ಹೊಸ ಚಪ್ಪಲಿ ಮೆಟ್ಟಿಕೊಂಡು ಮೈದಾನದ ನಡುವಿಗೆ ಬಂದು ನಿಂತ.

"ಪುಟ್ಟಸಿದ್ದಯ್ಯನೋರೇ, ಒಂದ್ ಮಾತು. ಸಾಗ್ಯದಲ್ಲಿ ಸಾವಾಗದೆ. ಪುಟ್ಟಮಾದಮ್ಮನ್ ಮಕ್ಳಿಗೆ ಸೂತ್ಕ. ಹನ್ನೊಂದ್ ದಿನ ಕಳ್ದು ತಿಥಿ ಆಗೋ ಗಂಟ ಸೂತ್ಕದೋರು ಆಟಪಾಟ ಅಂತ ಮೆರೆಯಂಗಿಲ್ಲ. ಮಕ್ಳು ಅಂದ್ರೆ ಸೂತ್ಕ ಅದೆ. ಸೂತ್ಕ ಇಲ್ಲ ಅಂದ್ರೆ ಮಕ್ಳಲ್ಲ, ಫಾರಿನ್ನೋರು. ಯಾವ್ದಾರ ಒಂದ್ ಯೋಳ್ಲಿ ದೇವ್ರಾಜು."

ಪುಟ್ಟಸಿದ್ದಯ್ಯನವರು ಸೀಟಿಯನ್ನು ಬಾಯಿಂದ ತೆಗೆದು, ಪಂಚೆಯ ಅಂಚಲ್ಲಿ ಒರೆಸಿ, "ಮಾತಲ್ಲಿ ನ್ಯಾಯ ಅದೆ ಕಣಪ್ಪ" ಎಂದರು. ಆಮೇಲೆ ದೇವರಾಜುವನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಆಟಕ್ಕೋಸ್ಕರ ಸುಮ್ನೆ ಮಾಡಿದ್ದು, ಮಕ್ಳಲ್ಲ ಅಂತ ಒಂದ್ ಮಾತ್ ಅಂದ್ಬುಡು. ಆ ಉದ್ದನೆಯೋನ್ ಒಬ್ಬ್ನ ಆಡಿಸ್ಕೋ. ಅವ್ನೊಬ್ಬ ಸಾಕಲ್ವಾ ನಿಂಗೆ?" ಎಂದರು.

ಸಾಕು. ಬೇಕಾದಷ್ಟಾಯಿತು. ಕ್ವಾಮೆ ಒಬ್ಬ ಇದ್ದರೆ ಯಳಂದೂರಿನವರು ಅರ್ಧ ಮೈದಾನ ದಾಟುವುದಿಲ್ಲ. ಸಂಘ ಉಳಿಯುತ್ತದೆ, ರಂಗಸ್ವಾಮಿಯ ಮೂತಿ ಸಣ್ಣದಾಗುತ್ತದೆ. ಒಂದೇ ಮಾತು. ಅದೂ ಸುಳ್ಳೇನಲ್ಲ, ಆಟಕ್ಕೋಸ್ಕರವೇ ತಾನೆ ಮಾಡಿದ್ದು? ದೇವರಾಜು ಹೇಳಲೆಂದು ಬಾಯಿ ತೆರೆದ.

ಆಗ ಹನೂರು ಕಡೆಯಿಂದ ಒಂದು ಲಗೇಜ್ ಆಟೋ ಬಂದು ಮೈದಾನದ ಪಕ್ಕ ನಿಂತಿತು. ಮುಂದೆ ಪುಟ್ಟಮಾದಮ್ಮ ಕೂತಿದ್ದಳು, ಒದ್ದೆ ತಲೆ, ಒದ್ದೆ ಸೆರಗು. ಹಿಂದಿನಿಂದ ಮೂವರು ಇಳಿದರು. ಮೂರೂ ತಲೆ ನುಣ್ಣಗೆ ಬೋಳು, ಬಿಸಿಲಿಗೆ ಮಿರಿಮಿರಿ ಮಿಂಚುತ್ತಿದ್ದವು. ಬಿಷ್ಣುವಿನ ಚಿನ್ನದ ಕೂದಲು ಎಲ್ಲಿ? ಒಂದೆಳೆಯೂ ಇರಲಿಲ್ಲ. ಗಂಡುಮಕ್ಕಳಿಲ್ಲದ ದೊಡ್ಡಪ್ಪನಿಗೆ ತಮ್ಮನ ಮಕ್ಕಳೇ ತಲೆ ಬೋಳಿಸಿಕೊಂಡು ಹೆಗಲು ಕೊಡಬೇಕು ಎಂದು ಯಾರೋ ಅಂದರಂತೆ. ಬಿಷ್ಣುವೇ ಮೊದಲು ಹೋಗಿ ಕ್ಷೌರಿಕನ ಮುಂದೆ ಕೂತನಂತೆ.

ಕ್ವಾಮೆ ದೇವರಾಜುವಿನ ಹತ್ತಿರ ಬಂದು ತಲೆ ತಗ್ಗಿಸಿಕೊಂಡು ನಿಂತ. "ಭಾವ, ಬೇಜಾರ್ ಮಾಡ್ಕೋಬ್ಯಾಡ ಕನಪ್ಪ. ದೊಡ್ಡಪ್ಪ ಓಗ್ಬುಟ್ಟವ್ನೆ. ನಾವು ಆಡಕಿಲ್ಲ. ಸುಮ್ನೆ ನೋಡಕೆ ಬಂದೊ."

ಅವನ ಹೆಗಲ ಮೇಲೆ ಚಟ್ಟದ ಬಿದಿರು ಒತ್ತಿದ ಜಾಗ ಬಾತಿತ್ತು. ದೇವರಾಜುವಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಸುಣ್ಣ ಹಾಕುತ್ತ ಕೂತಿದ್ದ ತಾನು ಯಾರು, ಹೆಗಲು ಕೊಟ್ಟು ಬಂದ ಇವರು ಯಾರು? ಹೋಗಲಿ ಸಂಘ, ಹಾಳಾಗಿ ಹೋಗಲಿ. ಅವನು ತಿರುಗಿ ಮೈದಾನಕ್ಕೆಲ್ಲ ಕೇಳಿಸುವಂತೆ ಕೂಗಿದ: "ಇವ್ರು ನಮ್ಮತ್ತೆ ಮಕ್ಳೇ ಕಣ್ರಿ! ಸೂತ್ಕ ಅದೆ! ಆಡಕಿಲ್ಲ!"

ರಂಗಸ್ವಾಮಿ ಮೀಸೆಯಡಿ ನಕ್ಕ.

"ಏನ್ಲಾ ರಂಗಸ್ವಾಮಿ" ಎಂದಳು ಪುಟ್ಟಮಾದಮ್ಮ, ಸೆರಗು ಹಿಂಡುತ್ತ. ಅವನು ತೆಗೆದ ತಕರಾರು ಅಷ್ಟರಲ್ಲಿ ಜನರಿಂದ ಅವಳ ಕಿವಿಗೆ ಬಿದ್ದಿತ್ತು. "ಸಾಗ್ಯದಲ್ ಸಾವಾಗದೆ ಅಂತ ಯಳಂದೂರಲ್ ಕೂತಿರೋ ನಿಂಗೆ ಯಾರ್ಲಾ ಯೋಳಿದ್ದು?"

"ಯಾರೋ ಅಂದ್ರು ಬುಡಮ್ಮ..."

"ಯಾರೋ ಅಲ್ಲ. ನಿನ್ ಟೀಮ್ನೋರೇ." ಅವಳು ನೆಟ್ಟಗೆ ಯಳಂದೂರು ತಂಡದ ಮುಂದೆ ಹೋಗಿ ನಿಂತು ಬೆರಳು ಮಾಡಿದಳು. "ಇವ ನಮ್ ದಾಯಾದಿ. ಇವ, ಇವ್ನ ತಮ್ಮ, ಅಗೋ ಆ ಮೂಲೇಲಿ ಅಡಗವ್ನಲ್ಲ ಅವ. ಇವ್ರ ತಾತ ಸಾಗ್ಯ ಬುಟ್ಟು ಯಳಂದೂರ್ ಸೇರ್ದೋನು. ಬೆಳಗ್ಗೆ ಮಣ್ಣಿಗ್ ಬಂದಿದ್ರಲ್ಲಾ, ಮಣ್ ಹಾಕಿ ಬಂದು ಬೂಟ್ಸ್ ಹಾಕ್ಕಂಡ್ರೆ ಸೂತ್ಕ ಓಡೋದದಾ? ನನ್ ಮಕ್ಳಿಗ್ ಮಾತ್ರಾನಾ ಸೂತ್ಕ?"

ನಾಲ್ವರೂ ನೆಲ ನೋಡಿದರು. ಯಳಂದೂರಿನ ಗೋಲು ಹೊಡೆಯುವವರೇ ಆ ನಾಲ್ವರು. ಪುಟ್ಟಸಿದ್ದಯ್ಯನವರು ಉದ್ದಕ್ಕೆ ಒಂದು ಸೀಟಿ ಊದಿ, "ಸೂತ್ಕದೋರೆಲ್ಲ ಇಳೀರಿ, ಇಳೀರಿ, ಬೇಗ!" ಎಂದರು. ನಾಲ್ವರು ಇಳಿದು ಹೋಗಿ ಹುಣಸೆಮರದ ಕೆಳಗೆ ಕೂತಿದ್ದ ಪುಟ್ಟಮಾದಮ್ಮನ ಮೂವರು ಮಕ್ಕಳ ಪಕ್ಕ ಕೂತರು. ಕ್ವಾಮೆ ಜರುಗಿ ಜಾಗ ಮಾಡಿಕೊಟ್ಟು, "ಬನ್ನಿ ಅಣ್ಣಾ, ಉಂಡ್ರಾ?" ಎಂದು ವಿಚಾರಿಸಿದ.

ಗೋಲಿಗೆ ಯಾರು? ಕಾಮಗೆರೆಯಲ್ಲಿ ಬೇರೆ ಗೋಲ್‌ಕೀಪರ್ ಇಲ್ಲ. ದೇವರಾಜು ಪ್ಯಾಂಟು ಮಡಚಿ ತಾನೇ ನಿಂತ. ಅದನ್ನು ಕಂಡ ರಂಗಸ್ವಾಮಿ, "ಅವ ಆಡೋದಾದ್ರೆ ನಾನೂ ಆಡ್ತೀನಿ" ಎಂದು ಪಂಚೆ ಎತ್ತಿಕಟ್ಟಿ ಇಳಿದೇಬಿಟ್ಟ.

ಆ ಆಟವನ್ನು ಏನೆಂದು ವರ್ಣಿಸಲಿ? ಯಳಂದೂರಿನ ಕಡೆ ಜನ ಕಡಿಮೆಯಿದ್ದರೂ ಕಾಮಗೆರೆಯವರು ಒಂದು ಗೋಲು ಹೊಡೆಯಲಿಲ್ಲ ಎಂದರೆ ಅರ್ಥ ಮಾಡಿಕೊಳ್ಳಿ. ಚೆಂಡು ಎರಡು ಸಲ ರಾಗಿ ಹೊಲಕ್ಕೆ ಹೋಯಿತು, ಒಂದು ಸಲ ಎಮ್ಮೆಗೆ ಬಡಿಯಿತು. ರಂಗಸ್ವಾಮಿ ಇದ್ದ ಜಾಗದಲ್ಲೇ ಇದ್ದು ಏದುಸಿರು ಬಿಟ್ಟ. ಹುಣಸೆಮರದ ಕೆಳಗೆ ಏಳು ಜನ ಸೂತಕದವರು ಸಾವಿನ ಮನೆಯವರಂತೆ ಮುಖ ಮಾಡಿಕೊಂಡು ಕೂತಿದ್ದರು. ಕೆಲವರಂತೂ ನಗು ತಡೆಯಲಾಗದೆ ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದರು.

ಇನ್ನೇನು ಮುಗಿಯಿತು ಎನ್ನುವಾಗ ಯಳಂದೂರಿನವನೊಬ್ಬ ಚೆಂಡನ್ನು ಎತ್ತಿ ಒದ್ದ. ಅದು ಕಾಮಗೆರೆಯ ಶಿವಶಂಕರನ ಕಡೆಗೆ ಬಂತು. ಶಿವಶಂಕರ ಹುಟ್ಟಾ ಕ್ರಿಕೆಟಿನವನು, ಜನ ಸಾಲದೆಂದು ತಂಡಕ್ಕೆ ಸೇರಿಸಿಕೊಂಡವನು. ಎಗರಿ ಎರಡೂ ಕೈಯಲ್ಲಿ ಚೆಂಡು ಹಿಡಿದು, "ಔಟ್!" ಎಂದು ಕುಣಿದುಬಿಟ್ಟ.

ಪೆನಾಲ್ಟಿ. ಗೋಲಿನ ಮುಂದೆಯೇ. ದೇವರಾಜು ತಲೆ ಮೇಲೆ ಕೈ ಹೊತ್ತ.

ರಂಗಸ್ವಾಮಿ ಯಾರಿಗೂ ಬಿಟ್ಟುಕೊಡದೆ ತಾನೇ ಚೆಂಡಿಟ್ಟ. ಭಾವನೆಂಟರು ಎದುರುಬದುರು. ಗೋಲ್‌ಪೋಸ್ಟಿನ ಹಿಂದಿನಿಂದ ಅವರೆಕಾಯಿ ಮೊರ ಕೆಳಗಿಟ್ಟು ರತ್ನ ಎದ್ದು ನಿಂತಳು. ಮದುವೆಯಾದಾಗಿನಿಂದ ಫುಟ್‌ಬಾಲನ್ನು ಬೈದೇ ಬದುಕಿದವಳು.

"ಅಣ್ಣಾ! ಗೋಲ್ ಏನಾರ ಹೊಡ್ದೀಯೋ, ಈ ಸಲದ ಗೌರಿ ಹಬ್ಬುಕ್ಕೆ ನಿನ್ ಬಾಗಿನ ನಂಗ್ ಬ್ಯಾಡ! ಈವಪ್ಪ ಸಂಘ ಇಲ್ದೆ ಮನೇಲೇ ಕೂತ್ಕಂಡ್ರೆ ನಾನ್ ಬದ್ಕದೆಂಗೆ?"

ಜನ ಹೋ ಎಂದರು. ರಂಗಸ್ವಾಮಿ ತಂಗಿಯ ಮುಖ ನೋಡಿದ, ಬೆವರು ಒರೆಸಿಕೊಂಡ, ಆದರೂ ಮನಸ್ಸು ತಡೆಯಲಿಲ್ಲ, ಓಡಿಬಂದು ಒದ್ದ. ಒದ್ದ ರಭಸಕ್ಕೆ ಹೊಸ ಚಪ್ಪಲಿ ಕಾಲಿಂದ ಕಳಚಿ ಸುಂಯ್ ಎಂದು ಬಲಗಡೆಗೆ ಹಾರಿತು. ದೇವರಾಜು ಹಿಂದೆ ಮುಂದೆ ನೋಡಲಿಲ್ಲ. ಬದುಕಲ್ಲೇ ಹಾರದವನು ಹಾರಿ, ಗಾಳಿಯಲ್ಲೇ ಎರಡೂ ಕೈಯಲ್ಲಿ ಚಪ್ಪಲಿಯನ್ನು ಹಿಡಿದು ದೊಪ್ಪನೆ ಬಿದ್ದ. ಬಿದ್ದವನು ಕತ್ತು ತಿರುಗಿಸಿ ನೋಡಿದರೆ ಚೆಂಡು ನಡುವಿನಲ್ಲಿ ಮೆಲ್ಲಗೆ, ಬಹಳ ಮೆಲ್ಲಗೆ, ಗೋಲಿನ ಗೆರೆಯ ಕಡೆಗೆ ಉರುಳುತ್ತಿತ್ತು. ಅವನಿಗೆ ಏಳಲಾಗಲಿಲ್ಲ. ಹೊಟ್ಟೆ ಬಿಡಲಿಲ್ಲ. ಆಯ್ತು, ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡ.

ಯಾರೂ ಕೂಗಲಿಲ್ಲ. ಕಣ್ಣು ಬಿಟ್ಟರೆ ಚೆಂಡು ಗೆರೆಯ ಮೇಲೆ ನಿಂತಿತ್ತು. ಬಿಷ್ಣು ಗಾಬರಿಯಲ್ಲಿ ಕೆದಕಿ ಕೆದಕಿ ಮಾಡಿದ್ದ ಗುಂಡಿಯಲ್ಲಿ ಕೋಳಿ ಕಾವಿಗೆ ಕೂತಂತೆ ಕೂತಿತ್ತು. ದೇವರಾಜು ತೆವಳಿಕೊಂಡು ಹೋಗಿ ಅದರ ಮೇಲೆ ಬೋರಲು ಬಿದ್ದುಕೊಂಡ.

ಪುಟ್ಟಸಿದ್ದಯ್ಯನವರು ಬಂದು ಬಗ್ಗಿ, ಗೆರೆ ನೋಡಿ, ಗುಂಡಿ ನೋಡಿ, ದೇವರಾಜುವಿನ ಕೈಯಲ್ಲಿದ್ದ ಚಪ್ಪಲಿ ನೋಡಿ ಹೇಳಿದರು: "ಚೆಂಡು ಗೆರೆ ದಾಟಿಲ್ಲ. ಚಪ್ಪಲಿ ದಾಟಿದ್ರೂ ಲೆಕ್ಕಕ್ಕಿಲ್ಲ. ಟೈಮ್ ಆಯ್ತು. ಲಾಸ್ಟ್ ಸ್ಟಾಪು, ಎಲ್ರೂ ಇಳೀರಿ!"

ಗೋಲಿಲ್ಲದ ಪಂದ್ಯ. ಕಾಮಗೆರೆ ಸೋಲಲಿಲ್ಲ. ಸಂಘ ಉಳಿಯಿತು. ಜನ ನುಗ್ಗಿ ಬಂದರು. ರಂಗಸ್ವಾಮಿ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಬಂದು ಕೈ ಚಾಚಿ, "ಕೊಡಪ್ಪ ಅತ್ಲಾಗಿ, ಹೊಸ್ದು ಅದು" ಎಂದ. ದೇವರಾಜು ಕೊಟ್ಟ. ಅವನ ಕಣ್ಣು ಮಾತ್ರ ಹುಣಸೆಮರದ ಕಡೆಗಿತ್ತು. ನೇರ ಅಲ್ಲಿಗೆ ಹೋದ. ಬಿಷ್ಣುವಿನ ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸವರಿದ. ಮೈಯೆಲ್ಲ ಮಣ್ಣಾಗಿದ್ದ ಅವನನ್ನು ನೋಡುತ್ತ ಏಳೂ ಜನ ಟವೆಲಿನೊಳಗೆ ಅಲುಗಾಡುತ್ತಿದ್ದರು.

ಕ್ವಾಮೆ ಟವೆಲನ್ನು ಬಾಯಿಂದ ತೆಗೆದು, ಕಣ್ಣಲ್ಲಿ ನೀರು ತುಂಬಿಕೊಂಡು ಪುಟ್ಟಮಾದಮ್ಮನನ್ನು ಕೇಳಿದ: "ಅವ್ವಾ, ಸೂತ್ಕದಲ್ಲಿ ನಗಬೌದಾ?"

ಪುಟ್ಟಮಾದಮ್ಮ ದೇವರಾಜುವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೂರ್ ವರ್ಸ ಬದ್ಕಿದ್ ಮುದ್ಕ ಕನಪ್ಪ ಅವ. ಇದ್ದಿದ್ರೆ ಅವ್ನೂ ನಗ್ತಿದ್ದ. ನಗ್ರಪ್ಪಾ, ನಗಿ" ಎಂದು ಅವಳೇ ಮೊದಲು ಶುರು ಮಾಡಿದಳು.